ಸ್ಪೀಡ್ ಟೆಸ್ಟ್‌ನಲ್ಲಿ 95, ವಿಡಿಯೊ ಮಾತ್ರ ಮಸುಕು: ಕಂಪನಿಯೇ ನಮ್ಮ ನೆಟ್ ನಿಧಾನ ಮಾಡುತ್ತಿದೆಯೇ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಊರು. ಕೇಬಲ್‌ನವರ ಮೂಲಕ 100 ಎಂಬಿಪಿಎಸ್ ಫೈಬರ್ ಹಾಕಿಸಿಕೊಂಡಿದ್ದೇವೆ. ಹಗಲು ಪರವಾಗಿಲ್ಲ. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಒಂದು ವಿಡಿಯೊ ಆ್ಯಪ್ ಮಾತ್ರ ಮಸುಕಾಗುತ್ತದೆ, ಗಿರಗಿರ ಸುತ್ತುತ್ತಲೇ ಇರುತ್ತದೆ. ಆಗಲೇ ಸ್ಪೀಡ್ ಟೆಸ್ಟ್ ಮಾಡಿದರೆ 95 ತೋರಿಸುತ್ತದೆ. ಮಗ ವಿಪಿಎನ್ ಹಾಕಿದರೆ ಅದೇ ವಿಡಿಯೊ ಸರಾಗವಾಗಿ ಓಡುತ್ತದೆ. ಕಂಪನಿಯವರೇ ಬೇಕಂತ ನಿಧಾನ ಮಾಡುತ್ತಿದ್ದಾರಾ? ನೆಟ್ ನ್ಯೂಟ್ರಾಲಿಟಿ ಅಂತ ನಿಯಮ ಇದೆಯಂತಲ್ಲ, ಅದು ನಮಗೂ ಅನ್ವಯಿಸುತ್ತದೆಯೇ? ಟೆಲಿಕಾಂನಲ್ಲಿರುವ ನನ್ನ ತಮ್ಮ ‘ಜಾಸ್ತಿ ಬಳಸುವವರನ್ನು ತಡೆಯದಿದ್ದರೆ ಕಂಪನಿ ಬದುಕುವುದು ಹೇಗೆ’ ಎನ್ನುತ್ತಾನೆ. ಅದೂ ಸರಿ ಅನ್ನಿಸುತ್ತದೆ.

ಉತ್ತರ: ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನು ಆಮೇಲೆ ನೋಡೋಣ, ಮೊದಲು ನಿಮ್ಮ ಮನೆಯ ವಿಷಯ. ನೀವು ಹೇಳಿದ ಮೂರೂ ಲಕ್ಷಣಗಳು ಕಂಪನಿಯ ಮೇಲೆ ಅನುಮಾನ ಹುಟ್ಟಿಸುವಂಥವೇ. ಆದರೆ ಅಷ್ಟರಿಂದಲೇ ‘ಬೇಕಂತಲೇ ಮಾಡಿದ್ದಾರೆ’ ಎಂದು ಹೇಳಲು ಬರುವುದಿಲ್ಲ. ಯಾಕೆ ಅಂತ ನೋಡಿ.

ಸ್ಪೀಡ್ ಟೆಸ್ಟ್ ಆ್ಯಪ್ ತೆರೆದ ಕೂಡಲೇ ಅದು ಹತ್ತಿರದ ಒಂದು ಸರ್ವರ್ ಹುಡುಕುತ್ತದೆ. ಎಷ್ಟೋ ಸಲ ಆ ಸರ್ವರ್ ಇರುವುದು ನಿಮ್ಮ ಇಂಟರ್ನೆಟ್ ಕಂಪನಿಯದೇ ಜಾಲದ ಒಳಗೆ. ಅಂದರೆ ನೀವು ಅಳೆದಿದ್ದು ಮನೆಯಿಂದ ಕಂಪನಿಯ ಬಾಗಿಲವರೆಗಿನ ದಾರಿ. ಅಲ್ಲಿಂದಾಚೆಗೆ ಹೊರಗಿನ ಇಂಟರ್ನೆಟ್‌ಗೆ ಹೋಗುವ ದಾರಿ ರಾತ್ರಿ ಹೊತ್ತು ಕಿಕ್ಕಿರಿದಿದ್ದರೂ ಟೆಸ್ಟ್‌ನಲ್ಲಿ 95 ಬಂದೇ ಬರುತ್ತದೆ. ಆದ್ದರಿಂದ ಆ ಸಂಖ್ಯೆ ಸುಳ್ಳಲ್ಲ, ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಮನೆಗೆ ಬರುವ ಫೈಬರ್ ಕೂಡ ನಿಮ್ಮೊಬ್ಬರದೇ ಅಲ್ಲ. ನಮ್ಮಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಜಿಪಾನ್ ಎಂಬ ವ್ಯವಸ್ಥೆ. ಅದರಲ್ಲಿ ಒಂದು ಎಳೆಯಲ್ಲಿ ಸುಮಾರು 2.5 ಗಿಗಾಬಿಟ್ ಕೆಳಗಿಳಿಯುತ್ತದೆ. ಆ ಎಳೆಯನ್ನು ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಸೀಳಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. 32 ಮನೆಗೆ ತಲಾ 100 ಎಂಬಿಪಿಎಸ್ ಮಾರಿದರೆ ಲೆಕ್ಕಕ್ಕೆ 3.2 ಗಿಗಾಬಿಟ್ ಆಯಿತು. ಇರುವುದಕ್ಕಿಂತ ಜಾಸ್ತಿ ಮಾರಿದ್ದಾರೆ ಅಂತ ಸಿಟ್ಟಾಗಬೇಡಿ. ಎಲ್ಲರೂ ಒಂದೇ ಕ್ಷಣಕ್ಕೆ ಪೂರ್ತಿ ವೇಗ ಎಳೆಯುವುದು ಅಪರೂಪ. ಹೈ-ಡೆಫಿನಿಷನ್ ವಿಡಿಯೊ ಒಂದಕ್ಕೆ ಬೇಕಾಗುವುದು ಐದಾರು ಎಂಬಿಪಿಎಸ್ ಅಷ್ಟೆ. ಹಾಗಾಗಿ ಕಂಬದ ಹತ್ತಿರ ಇಕ್ಕಟ್ಟಾಗುವುದು ಕಡಿಮೆ. ಇಕ್ಕಟ್ಟಾಗುವುದು ಮುಂದೆ. ನಿಮ್ಮ ಕೇಬಲ್‌ನವರು ದೊಡ್ಡ ಕಂಪನಿಯಿಂದ ಕೊಂಡುಕೊಂಡ ಬ್ಯಾಂಡ್‌ವಿಡ್ತ್ ಇರುತ್ತದಲ್ಲ, ಅಲ್ಲಿ. ತಿಂಗಳ ಬಾಡಿಗೆ ಉಳಿಸಲು ಅದನ್ನು ಬಿಗಿ ಹಿಡಿದಿದ್ದರೆ, ಊರೆಲ್ಲ ಊಟ ಮುಗಿಸಿ ಮೊಬೈಲ್ ಹಿಡಿದಾಗ ತುಂಬಿಕೊಳ್ಳುತ್ತದೆ.

ಹಾಗಾದರೆ ಒಂದು ಆ್ಯಪ್ ಮಾತ್ರ ಯಾಕೆ? ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥವರು ತಮ್ಮ ವಿಡಿಯೊಗಳ ಪ್ರತಿ ತುಂಬಿದ ಪೆಟ್ಟಿಗೆಗಳನ್ನು ಇಂಟರ್ನೆಟ್ ಕಂಪನಿಗಳ ಜಾಲದೊಳಗೇ ಇಡುತ್ತಾರೆ. ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಅಂಥ ಪೆಟ್ಟಿಗೆ ಇರುವ ಆ್ಯಪ್‌ಗೆ ಹೊರಗಿನ ದಾರಿ ಅಷ್ಟಾಗಿ ಬೇಕಿಲ್ಲ. ಇಲ್ಲದ ಆ್ಯಪ್ ಪ್ರತಿ ಸಲ ಹೊರಗಿಂದ ಬರಬೇಕು. ರಾತ್ರಿ ಒಂಬತ್ತಕ್ಕೆ ಒಂದು ಚಂದ ಓಡುತ್ತದೆ, ಇನ್ನೊಂದು ಗಿರಗಿರ ಸುತ್ತುತ್ತದೆ. ಯಾರೂ ಬೇಕಂತ ಏನೂ ಮಾಡಿಲ್ಲ. ವಿಪಿಎನ್ ಎಂದರೆ ನಿಮ್ಮ ಟ್ರಾಫಿಕ್ಕನ್ನು ಮುಚ್ಚಿಟ್ಟು ಬೇರೊಂದು ಸರ್ವರ್ ಮೂಲಕ ಕಳಿಸುವ ವ್ಯವಸ್ಥೆ. ಅದನ್ನು ಹಾಕಿದಾಗ ಸರಿಯಾಗಿದ್ದಕ್ಕೂ ಇಂಥದೇ ಕಾರಣ ಇರಬಹುದು: ವಿಪಿಎನ್ ಬೇರೆ ದಾರಿ ಹಿಡಿಯಿತು, ಆ ದಾರಿ ಖಾಲಿ ಇತ್ತು.

ಆದರೆ ವಿಪಿಎನ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನೀವು ಯಾವ ಸೈಟಿಗೆ ಹೋಗುತ್ತಿದ್ದೀರಿ ಎಂಬುದನ್ನೇ ಮುಚ್ಚುತ್ತದೆ. ನಿಮ್ಮ ಅನುಮಾನಕ್ಕೆ ಜೀವ ಬರುವುದು ಇಲ್ಲಿ. ಬ್ರೌಸರಿನಲ್ಲಿ ಬೀಗದ ಗುರುತು ಇದ್ದರೆ ಒಳಗಿನ ವಿಷಯ ಕಂಪನಿಗೆ ಕಾಣುವುದಿಲ್ಲ, ನಿಜ. ಆದರೆ ಸಂಪರ್ಕ ಶುರುವಾಗುವಾಗ ಸೈಟಿನ ಹೆಸರು ಸಾಮಾನ್ಯವಾಗಿ ಬಯಲಲ್ಲೇ ಹೋಗುತ್ತದೆ. ಕಂಪನಿಯ ಯಂತ್ರ ಆ ಹೆಸರು ಓದಿ ‘ಇದಕ್ಕೆ ಇಷ್ಟೇ ವೇಗ’ ಎಂದು ಮಿತಿ ಹಾಕಬಹುದು. ತಾಂತ್ರಿಕವಾಗಿ ಇದೇನೂ ದೊಡ್ಡ ಕೆಲಸವಲ್ಲ. ಅದಕ್ಕೆ ಬೇಕಾದ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ.

ಎರಡನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ? ಇಕ್ಕಟ್ಟಿನಿಂದ ಬಂದ ನಿಧಾನ ಏರಿಳಿಯುತ್ತದೆ. ಎಂಟಕ್ಕೆ ಶುರು, ಒಂಬತ್ತೂವರೆಗೆ ಜೋರು, ಹನ್ನೊಂದರ ಹೊತ್ತಿಗೆ ತಾನೇ ಇಳಿಯುತ್ತದೆ. ಗ್ರಾಫ್ ಬಿಡಿಸಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಮಿತಿ ಹಾಕಿದ ನಿಧಾನ ಹಾಗಲ್ಲ. ಒಂದು ಗೆರೆ ಎಳೆದಂತೆ ಚಪ್ಪಟೆಯಾಗಿ ನಿಂತುಬಿಡುತ್ತದೆ. ಉದಾಹರಣೆಗೆ, ಅಮೆರಿಕದ ಮೊಬೈಲ್ ಕಂಪನಿ ಟಿ-ಮೊಬೈಲ್ 2015ರ ನವೆಂಬರಿನಲ್ಲಿ ‘ಬಿಂಜ್ ಆನ್’ ಎಂಬ ಸೌಲಭ್ಯ ತಂದಿತು. ಕೆಲವು ಸೇವೆಗಳ ವಿಡಿಯೊ ನೋಡಿದರೆ ಡೇಟಾ ಕತ್ತರಿಸುವುದಿಲ್ಲ ಎಂದು ಹೇಳಿತು. ಇಂಟರ್ನೆಟ್ ಬಳಕೆದಾರರ ಹಕ್ಕಿಗಾಗಿ ದುಡಿಯುವ ಇಎಫ್‌ಎಫ್ ಸಂಸ್ಥೆಯವರು ಪರೀಕ್ಷೆ ಮಾಡಿದಾಗ ಯೋಜನೆಗೆ ಸೇರದ ಸೇವೆಗಳ ವಿಡಿಯೊ ಕೂಡ ಸುಮಾರು 1.5 ಎಂಬಿಪಿಎಸ್‌ಗೆ ಬಂದು ನಿಲ್ಲುತ್ತಿತ್ತು. ಜಾಲ ಖಾಲಿ ಇದ್ದರೂ ಅಷ್ಟೇ.

ನಿಮ್ಮ ಸಮಸ್ಯೆ ರಾತ್ರಿ ಮಾತ್ರ ಬಂದು ಹೋಗುವುದರಿಂದ ನನ್ನ ಅಂದಾಜು ಇಕ್ಕಟ್ಟಿನ ಕಡೆಗೇ ವಾಲುತ್ತದೆ. ಆದರೂ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು. ಈ ವಿಷಯದಲ್ಲಿ ಕಂಪನಿಯ ಮಾತನ್ನೇ ನಂಬಿ ಕೂತವರಿಗೆ ಏನಾಯಿತು ಎನ್ನುವುದಕ್ಕೆ ಒಂದು ಹಳೆಯ ಕಥೆ ಇದೆ.

2007. ಅಮೆರಿಕದ ಆರೆಗನ್ ರಾಜ್ಯದಲ್ಲಿ ರಾಬ್ ಟೋಪೋಲ್‌ಸ್ಕಿ ಎಂಬ ನೆಟ್‌ವರ್ಕ್ ಎಂಜಿನಿಯರ್ ಇದ್ದರು. ನಾಲ್ಕು ಜನ ಸೇರಿ ವಾದ್ಯವಿಲ್ಲದೆ ಹಾಡುವ ಹಳೇ ಕಾಲದ ಸಂಗೀತದ ಹುಚ್ಚು ಅವರಿಗೆ. ಹಕ್ಕುಸ್ವಾಮ್ಯ ಮುಗಿದ ಇಂಥ ಧ್ವನಿಮುದ್ರಣಗಳನ್ನು ಬಿಟ್‌ಟೊರೆಂಟ್ (ಜನರ ಕಂಪ್ಯೂಟರುಗಳ ನಡುವೆ ನೇರವಾಗಿ ಫೈಲು ಹಂಚುವ ವ್ಯವಸ್ಥೆ) ಮೂಲಕ ಹಂಚಿಕೊಳ್ಳುತ್ತಿದ್ದರು. ಬೇರೆ ಎಲ್ಲ ಸರಿಯಾಗಿತ್ತು, ಇದು ಮಾತ್ರ ಹೋಗುತ್ತಿರಲಿಲ್ಲ. ಅವರ ಕಂಪನಿ ಕಾಮ್‌ಕಾಸ್ಟ್. ಟೋಪೋಲ್‌ಸ್ಕಿ ತಮ್ಮ ಕಂಪ್ಯೂಟರಿನಿಂದ ಹೊರಡುವ, ಬರುವ ಪ್ರತಿ ಪ್ಯಾಕೆಟ್ಟನ್ನೂ, ಅಂದರೆ ಮಾಹಿತಿಯ ಪ್ರತಿ ತುಣುಕನ್ನೂ, ಹಿಡಿದು ನೋಡಿದರು. ಆಗ ಸಿಕ್ಕಿದ್ದು ವಿಚಿತ್ರ. ಎರಡು ಕಂಪ್ಯೂಟರುಗಳ ನಡುವೆ ಮಾತುಕತೆ ನಡೆಯುತ್ತಿರುವಾಗ ‘ಸಾಕು, ನಿಲ್ಲಿಸು’ ಎಂಬ ಅರ್ಥದ ರೀಸೆಟ್ ಪ್ಯಾಕೆಟ್ ಬರುತ್ತಿತ್ತು. ಇವರು ಕಳಿಸಿದ್ದಲ್ಲ, ಆ ಕಡೆಯವರೂ ಕಳಿಸಿದ್ದಲ್ಲ. ನಡುವೆ ಕೂತ ಕಂಪನಿಯ ಯಂತ್ರ ಇಬ್ಬರ ಹೆಸರಿನಲ್ಲೂ ಕಳ್ಳ ಸಹಿ ಹಾಕಿ ಕಳಿಸುತ್ತಿತ್ತು.

ಆ ವರ್ಷ ಅಕ್ಟೋಬರಿನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತಾನೂ ಪರೀಕ್ಷೆ ಮಾಡಿತು. ಕಳಿಸಲು ಆರಿಸಿಕೊಂಡದ್ದು ಬೈಬಲ್ಲಿನ ಫೈಲು. ಕದ್ದ ಸಿನಿಮಾ ಅಂತ ಯಾರೂ ಕೊಂಕು ತೆಗೆಯಬಾರದಲ್ಲ! ಅದೂ ಹೋಗಲಿಲ್ಲ. ಕಂಪನಿ ಹೇಳಿದ್ದು: ನಾವು ತಡೆಯುತ್ತಿಲ್ಲ, ಸ್ವಲ್ಪ ತಡ ಮಾಡುತ್ತೇವೆ ಅಷ್ಟೆ. 2008ರ ಫೆಬ್ರವರಿಯಲ್ಲಿ ಹಾರ್ವರ್ಡ್‌ನಲ್ಲಿ ಈ ಬಗ್ಗೆ ಬಹಿರಂಗ ವಿಚಾರಣೆ ನಡೆದಾಗ ಸೀಟು ಹಿಡಿಯಲು ದುಡ್ಡು ಕೊಟ್ಟು ಜನರನ್ನು ಕೂರಿಸಿದ್ದನ್ನೂ ಕಂಪನಿ ಒಪ್ಪಿಕೊಳ್ಳಬೇಕಾಯಿತು. ಆಗಸ್ಟ್‌ನಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಇದು ತಪ್ಪು ಎಂದಿತು. 2010ರ ಏಪ್ರಿಲಿನಲ್ಲಿ ಕೋರ್ಟು ಆ ಆದೇಶವನ್ನೇ ರದ್ದು ಮಾಡಿತು. ಹೀಗೆ ಹೇಳುವ ಅಧಿಕಾರ ಎಫ್‌ಸಿಸಿಗೆ ಇಲ್ಲ ಎಂಬುದು ಕಾರಣ.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಆಮೇಲೆ ನಡೆದ ಒಂದು ಸಂಗತಿ. ಅದನ್ನು ಜಾಸ್ತಿ ಜನ ಹೇಳುವುದಿಲ್ಲ. ಬಿಟ್‌ಟೊರೆಂಟ್ ತಡೆಯದಿದ್ದರೆ ಜಾಲ ಕುಸಿಯುತ್ತದೆ ಎನ್ನುತ್ತಿದ್ದ ಅದೇ ಕಾಮ್‌ಕಾಸ್ಟ್ ಬೇರೆ ವಿಧಾನ ಕಂಡುಕೊಂಡಿತು. ಅದರ ಪೂರ್ತಿ ವಿವರವನ್ನು 2010ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 6057 ಎಂಬ ದಾಖಲೆಯಾಗಿ ಪ್ರಕಟಿಸಿತು. ವಿಧಾನ ಸರಳ. ಒಂದು ಬಡಾವಣೆಯ ಲೈನು ಇಕ್ಕಟ್ಟಿನ ಹತ್ತಿರ ಬಂದಾಗ, ಸುಮಾರು ಕಾಲು ಗಂಟೆಯಿಂದ ತನ್ನ ಪ್ಲಾನಿನ ಶೇ 70ಕ್ಕಿಂತ ಜಾಸ್ತಿ ಎಳೆಯುತ್ತಿರುವ ಗ್ರಾಹಕ ಯಾರೆಂದು ನೋಡುವುದು. ಅವರ ಟ್ರಾಫಿಕ್ಕನ್ನು ತುಸು ಹೊತ್ತು ಸಾಲಿನ ಹಿಂದೆ ನಿಲ್ಲಿಸುವುದು. ಬಳಕೆ ಇಳಿದ ಮೇಲೆ ಮೊದಲಿನಂತೆ ಬಿಡುವುದು. ಅವರು ನೋಡುತ್ತಿದ್ದುದು ಸಿನಿಮಾವೋ ಪಾಠವೋ, ಯಾವ ಕಂಪನಿಯ ಆ್ಯಪ್ಪೋ, ಯಂತ್ರ ಕೇಳುವುದೇ ಇಲ್ಲ. ಇಕ್ಕಟ್ಟು ನಿಭಾಯಿಸಲು ಸೈಟು ನೋಡಿ ಮಣೆ ಹಾಕುವ ಅಗತ್ಯವೇ ಇಲ್ಲ ಎಂಬುದನ್ನು ತಪ್ಪು ಮಾಡಿದವರೇ ಮಾಡಿ ತೋರಿಸಿದರು.

ನಮ್ಮ ಕೋಲಾರ, ತುಮಕೂರು ಕಡೆಯ ಕೆರೆಗಳಲ್ಲಿ ನೀರುಗಂಟಿ ಇರುತ್ತಿದ್ದನಲ್ಲ, ಅವನ ಕೆಲಸ ಇದೇ. ನೀರು ಕಡಿಮೆ ಬಿದ್ದ ವರ್ಷ ಎಲ್ಲರ ಪಾಲೂ ತಗ್ಗುತ್ತದೆ, ಅದಕ್ಕೆ ಯಾರೂ ಜಗಳ ತೆಗೆಯುವುದಿಲ್ಲ. ಅವನು ತೂಬಿನ ಬಳಿ ನಿಂತು ತನ್ನ ಭಾವನ ಗದ್ದೆಗೆ ಮೊದಲು ಬಿಟ್ಟರೆ ಜಗಳ. ನೆಟ್ ನ್ಯೂಟ್ರಾಲಿಟಿ ಕೇಳುವುದೂ ಅಷ್ಟೇ. ನಿಧಾನ ಮಾಡಲೇಬಾರದು ಎಂದು ಅದು ಹೇಳುವುದಿಲ್ಲ. ಯಾರದ್ದು ನಿಧಾನ ಆಗಬೇಕು ಎಂಬುದನ್ನು ಸೈಟಿನ ಹೆಸರು ನೋಡಿ, ಅವರು ಕೊಟ್ಟ ದುಡ್ಡು ನೋಡಿ ತೀರ್ಮಾನಿಸಬೇಡಿ ಎನ್ನುತ್ತದೆ. ಇಂದಿನ ಇಂಟರ್ನೆಟ್ ಕಂಪನಿಗಳಲ್ಲಿ ಎಷ್ಟೋ ಜನರಿಗೆ ಸ್ವಂತ ಸಿನಿಮಾ ಆ್ಯಪ್, ಹಾಡಿನ ಆ್ಯಪ್, ಪೇಮೆಂಟ್ ಆ್ಯಪ್ ಇವೆ. ತೂಬು ಅವರ ಕೈಯಲ್ಲಿದೆ, ಗದ್ದೆಯೂ ಅವರದ್ದೇ ಇದೆ.

ಈಗ ನಿಮ್ಮ ತಮ್ಮನ ಮಾತು. ಜಾಸ್ತಿ ಬಳಸುವವರಿಗೆ ಮಿತಿ ಹಾಕುವುದು ತಪ್ಪಲ್ಲ. ಎಫ್‌ಯುಪಿ (ನ್ಯಾಯಯುತ ಬಳಕೆಯ ಮಿತಿ) ಎನ್ನುತ್ತಾರಲ್ಲ, ಅದು ಅದೇ. ‘ಅನ್‌ಲಿಮಿಟೆಡ್’ ಎಂದು ಮಾರುವ ಹಲವು ಫೈಬರ್ ಪ್ಲಾನುಗಳಲ್ಲಿ ತಿಂಗಳಿಗೆ 3,300 ಜಿಬಿ ದಾಟಿದರೆ ವೇಗ ಇಳಿಯುತ್ತದೆ. ಎಲ್ಲ ಸೈಟಿಗೂ ಒಂದೇ ಸಮನೆ ಇಳಿಯುವುದರಿಂದ ಅದು ತಾರತಮ್ಯವಲ್ಲ. ಮಿತಿ ಮುಗಿದ ಮೇಲೂ ಮನೆಯ ಬ್ರಾಡ್‌ಬ್ಯಾಂಡ್ ವೇಗ 512 ಕೆಬಿಪಿಎಸ್‌ಗಿಂತ ಕೆಳಗಿಳಿಯಬಾರದು ಎಂದು ನಮ್ಮ ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2016ರಲ್ಲೇ ಹೇಳಿದೆ. (512 ಕೆಬಿಪಿಎಸ್‌ನಲ್ಲಿ ಇವತ್ತು ಏನು ಮಾಡಬಹುದು ಎಂದು ಕೇಳಬೇಡಿ. ವಾಟ್ಸ್‌ಆ್ಯಪ್ ಮೆಸೇಜು ಹೋಗುತ್ತದೆ.)

ಆದರೆ ನಿಮ್ಮ ತಮ್ಮ ಒಂದು ವಿಷಯ ಬಿಟ್ಟಿದ್ದಾರೆ. ಜಾಲದ ಖರ್ಚು ನಿಂತಿರುವುದು ತಿಂಗಳಿಗೆ ಎಷ್ಟು ಜಿಬಿ ಹರಿಯಿತು ಎಂಬುದರ ಮೇಲಲ್ಲ. ರಾತ್ರಿ ಒಂಬತ್ತರ ನೂಕುನುಗ್ಗಲಿಗೆ ಎಷ್ಟು ಸಾಮರ್ಥ್ಯ ಕಟ್ಟಬೇಕು ಎಂಬುದರ ಮೇಲೆ. ಬೆಳಗಿನ ಜಾವ ಮೂರಕ್ಕೆ 100 ಜಿಬಿ ಇಳಿಸಿಕೊಂಡವನಿಂದ ಕಂಪನಿಗೆ ಹೆಚ್ಚುಕಡಿಮೆ ಏನೂ ಹೊರೆ ಇಲ್ಲ. ಲೈನು ಹೇಗೂ ಖಾಲಿ ಬಿದ್ದಿರುತ್ತದೆ. ರಾತ್ರಿ ಒಂಬತ್ತಕ್ಕೆ ಎರಡೇ ಜಿಬಿ ನೋಡಿದವನಿಂದ ಹೊರೆ ಇದೆ. ಹಾಗಾಗಿ ‘ಜಾಸ್ತಿ ಬಳಸುವವರು ಖಳನಾಯಕರು’ ಎನ್ನುವುದು ಕೇಳಲು ಚಂದ, ಲೆಕ್ಕಕ್ಕೆ ಅಷ್ಟು ಸರಿಹೋಗುವುದಿಲ್ಲ.

ಇನ್ನು ಮಿತಿ ಎಲ್ಲರಿಗೂ ಸಮ ಎಂದ ಮಾತ್ರಕ್ಕೆ ಅದು ವಿವೇಕದ್ದು ಅಂತಲೂ ಅಲ್ಲ. 2018ರಲ್ಲಿ ಕ್ಯಾಲಿಫೋರ್ನಿಯದ ಮೆಂಡೊಸಿನೊ ಕಾಳ್ಗಿಚ್ಚು ಉರಿಯುತ್ತಿದ್ದಾಗ ಸಾಂತಾ ಕ್ಲಾರಾ ಕೌಂಟಿಯ ಅಗ್ನಿಶಾಮಕ ದಳದ ಒಂದು ಸಮನ್ವಯ ವಾಹನದ ಇಂಟರ್ನೆಟ್ ಏಕಾಏಕಿ ಮಾಮೂಲಿನ ಇನ್ನೂರನೇ ಒಂದು ಭಾಗಕ್ಕೆ ಇಳಿಯಿತು. ತಿಂಗಳ ಮಿತಿ ಮುಗಿದಿತ್ತು, ಅಷ್ಟೆ. ಬೆಂಕಿ ಆರಿಸುವವರು ವೆರೈಝನ್ ಕಂಪನಿಗೆ ಇಮೇಲ್ ಬರೆದರೆ ಹೆಚ್ಚು ದುಡ್ಡಿನ ಪ್ಲಾನ್ ತೆಗೆದುಕೊಳ್ಳಿ ಎಂಬ ಉತ್ತರ. ಆಮೇಲೆ ಕಂಪನಿ ತನ್ನಿಂದ ತಪ್ಪಾಯಿತು ಎಂದು ಒಪ್ಪಿತು. ನೆಟ್ ನ್ಯೂಟ್ರಾಲಿಟಿಗೆ ಉದಾಹರಣೆಯಾಗಿ ಈ ಘಟನೆಯನ್ನು ತುಂಬ ಜನ ಬಳಸುತ್ತಾರೆ. ನಾನು ಬಳಸುವುದಿಲ್ಲ. ಅಲ್ಲಿ ಸೈಟು ನೋಡಿ ಯಾರೂ ನಿಧಾನ ಮಾಡಲಿಲ್ಲ. ಅದು ಕುರುಡು ನಿಯಮದ ಕಥೆ.

ನಮ್ಮ ದೇಶದ ನಿಯಮಕ್ಕೆ ಬರೋಣ. ನಿಮಗೆ ಅದು ಖಂಡಿತ ಅನ್ವಯಿಸುತ್ತದೆ. ಅದು ಬಂದ ಬಗೆಯೂ ಸ್ವಾರಸ್ಯವಾಗಿದೆ. 2014ರ ಡಿಸೆಂಬರಿನಲ್ಲಿ ಏರ್‌ಟೆಲ್ ಇಂಟರ್ನೆಟ್ ಕರೆಗಳಿಗೆ ಬೇರೆ ದುಡ್ಡು ವಸೂಲಿ ಮಾಡುವುದಾಗಿ ಹೇಳಿ, ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. 2015ರ ಮಾರ್ಚಿನಲ್ಲಿ ಟ್ರಾಯ್ 118 ಪುಟಗಳ ಸಮಾಲೋಚನಾ ಪತ್ರ ಹೊರಡಿಸಿ 20 ಪ್ರಶ್ನೆಗಳಿಗೆ ಜನರ ಅಭಿಪ್ರಾಯ ಕೇಳಿತು. ಅಂಥ ಪತ್ರವನ್ನು ಯಾರು ಓದುತ್ತಾರೆ ಹೇಳಿ? ಸೇವ್ ದಿ ಇಂಟರ್ನೆಟ್ ಎಂಬ ಹೆಸರಿನಲ್ಲಿ ಒಂದಿಷ್ಟು ಸ್ವಯಂಸೇವಕರು ಸೇರಿ ಅದನ್ನು ಅರ್ಥವಾಗುವಂತೆ ಬಿಡಿಸಿ, ಉತ್ತರಗಳನ್ನು ಬರೆದು, ಒಂದು ಬಟನ್ ಒತ್ತಿದರೆ ಹೋಗುವಂತೆ ಮಾಡಿದರು. 10 ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಹೋದವು. ಟ್ರಾಯ್ ಅಷ್ಟೂ ಜನರ ಇಮೇಲ್ ವಿಳಾಸವನ್ನು ತನ್ನ ವೆಬ್‌ಸೈಟಿನಲ್ಲಿ ಹಾಕಿ ಇನ್ನೊಂದು ಸುತ್ತು ಬೈಸಿಕೊಂಡಿತು, ಅದು ಬೇರೆ ಮಾತು.

ಆಮೇಲೆ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ ಬಂತು. ಬಡವರಿಗೆ ಉಚಿತ ಇಂಟರ್ನೆಟ್ ಎಂದು ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು. ಒಳಗೆ ಸಿಗುತ್ತಿದ್ದುದು ಇಡೀ ಇಂಟರ್ನೆಟ್ ಅಲ್ಲ, ಫೇಸ್‌ಬುಕ್ ಒಪ್ಪಿದ ಸೈಟುಗಳು ಮಾತ್ರ. ಬೆಂಗಳೂರಿನ ಐಐಎಸ್‌ಸಿ ಮತ್ತು ಐಐಟಿಗಳ ಹಲವು ಅಧ್ಯಾಪಕರು ಇದನ್ನು ವಿರೋಧಿಸಿ ಹೇಳಿಕೆ ಕೊಟ್ಟರು. 2016ರ ಫೆಬ್ರವರಿ 8ರಂದು ಟ್ರಾಯ್ ಒಂದೊಂದು ಸೈಟಿಗೆ ಒಂದೊಂದು ದರ ಇಡುವುದನ್ನೇ ನಿಷೇಧಿಸಿತು. ತಪ್ಪಿದರೆ ದಿನಕ್ಕೆ 50,000 ರೂಪಾಯಿ ದಂಡ, ಹೆಚ್ಚೆಂದರೆ 50 ಲಕ್ಷ. ಅದೇ ವಾರ ಫ್ರೀ ಬೇಸಿಕ್ಸ್ ಇಲ್ಲಿಂದ ಗಂಟುಮೂಟೆ ಕಟ್ಟಿತು.

ಅದು ದರದ ವಿಷಯವಾಯಿತು. ವೇಗದ ವಿಷಯಕ್ಕೆ ಟ್ರಾಯ್ 2017ರ ನವೆಂಬರಿನಲ್ಲಿ ಶಿಫಾರಸು ಕೊಟ್ಟಿತು. ದೂರಸಂಪರ್ಕ ಇಲಾಖೆ 2018ರ ಜುಲೈಯಲ್ಲಿ ಅದನ್ನು ಒಪ್ಪಿ, ಸೆಪ್ಟೆಂಬರಿನಲ್ಲಿ ಕಂಪನಿಗಳ ಲೈಸೆನ್ಸಿನ ಷರತ್ತಿಗೇ ಸೇರಿಸಿತು. ಯಾವುದೇ ವಿಷಯವನ್ನು ತಡೆಯುವುದು, ಕೆಡಿಸುವುದು, ನಿಧಾನ ಮಾಡುವುದು, ಒಂದಕ್ಕೆ ಮಾತ್ರ ಹೆಚ್ಚು ವೇಗ ಕೊಡುವುದು, ಎಲ್ಲಕ್ಕೂ ನಿಷೇಧ. ಇಕ್ಕಟ್ಟಾದಾಗ ಟ್ರಾಫಿಕ್ ನಿಭಾಯಿಸಬಹುದು. ಆದರೆ ಆ ಕ್ರಮ ಅಗತ್ಯಕ್ಕೆ ತಕ್ಕಷ್ಟೇ ಇರಬೇಕು, ತಾತ್ಕಾಲಿಕ ಆಗಿರಬೇಕು, ಮುಚ್ಚುಮರೆ ಇರಬಾರದು. ಆಸ್ಪತ್ರೆಯ ದೂರಶಸ್ತ್ರಚಿಕಿತ್ಸೆಯಂಥ ವಿಶೇಷ ಸೇವೆಗಳಿಗೆ ವಿನಾಯಿತಿ ಇದೆ. ನಾನು ಮೇಲೆ ಹೇಳಿದ ಕ್ಯಾಶ್ ಪೆಟ್ಟಿಗೆಗಳನ್ನೂ ಹೊರಗಿಟ್ಟಿದ್ದಾರೆ. ಆದ್ದರಿಂದ ‘ಅವರ ಪೆಟ್ಟಿಗೆ ಇಟ್ಟಿದ್ದೀರಿ, ಇವರದ್ದು ಯಾಕೆ ಇಟ್ಟಿಲ್ಲ’ ಎಂದು ಈ ನಿಯಮ ಹಿಡಿದು ಜಗಳವಾಡಲು ಆಗುವುದಿಲ್ಲ. ನಿಮ್ಮ ಪ್ರಕರಣ ಹೀಗೇ ಇದ್ದರೆ ಗೊತ್ತಿರಲಿ.

ಕಾಗದದ ಮೇಲೆ ನಮ್ಮದು ಜಗತ್ತಿನ ಗಟ್ಟಿ ನಿಯಮಗಳಲ್ಲಿ ಒಂದು. ಅಮೆರಿಕದ್ದು ಸರ್ಕಾರ ಬದಲಾದ ಹಾಗೆ ಬದಲಾಗುತ್ತ ಬಂತು: 2015ರಲ್ಲಿ ನಿಯಮ ಬಂತು, 2017ರಲ್ಲಿ ಕಿತ್ತುಹಾಕಿದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟು ಹೊಡೆದುಹಾಕಿತು. ಈಗ ಅಲ್ಲಿ ಕ್ಯಾಲಿಫೋರ್ನಿಯದಂಥ ಕೆಲವು ರಾಜ್ಯಗಳ ಕಾನೂನೇ ಗತಿ.

ನಮ್ಮ ನಿಯಮ ಸೋಲುವುದು ಬೇರೆ ಕಡೆ. ಮುರಿದರೆ ಗೊತ್ತಾಗುವುದು ಹೇಗೆ? ದರದ ತಾರತಮ್ಯ ಜಾಹೀರಾತಿನಲ್ಲೇ ಸಿಕ್ಕಿಬೀಳುತ್ತದೆ. 2020ರ ಜುಲೈಯಲ್ಲಿ ಏರ್‌ಟೆಲ್, ವೊಡಾಫೋನ್ ಐಡಿಯಾ ಕಂಪನಿಗಳು ದುಬಾರಿ ಪ್ಲಾನಿನವರಿಗೆ ಹೆಚ್ಚು ವೇಗ ಎಂದು ಪ್ರಚಾರ ಮಾಡಿದಾಗ, ಉಳಿದವರ ಗತಿ ಏನು ಎಂದು ಟ್ರಾಯ್ ತಕ್ಷಣ ತಡೆದು ಕೇಳಿದ್ದು ಅದು ಕಣ್ಣಿಗೆ ಬಿದ್ದದ್ದರಿಂದ. ಸದ್ದಿಲ್ಲದೆ ಒಂದು ಆ್ಯಪ್ಪನ್ನು ನಿಧಾನ ಮಾಡಿದರೆ ಗ್ರಾಹಕ ತನ್ನ ವೈಫೈಯನ್ನೇ ಬೈದುಕೊಂಡು ಸುಮ್ನೆ ಇರುತ್ತಾನೆ. ಕಂಪನಿಗಳು ಏನೇನು ಮಾಡುತ್ತವೆ ಎಂಬುದನ್ನು ಗಮನಿಸಲು ಎಲ್ಲ ಪಕ್ಷಗಳೂ ಇರುವ ಒಂದು ಮಂಡಳಿ ಬೇಕು ಎಂದು ಟ್ರಾಯ್ 2020ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿದ್ದು ಈ ಕಾರಣಕ್ಕೇ. ನನ್ನ ಕೇಳಿದರೆ, ಪ್ರತಿ ಕಂಪನಿ ತನ್ನ ಹೊರದಾರಿ ರಾತ್ರಿ ಹೊತ್ತು ಎಷ್ಟು ತುಂಬಿರುತ್ತದೆ ಎಂದು ತಿಂಗಳಿಗೊಮ್ಮೆ ಪ್ರಕಟಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನೀವು ಈಗ ಮಾಡಬೇಕಾದ್ದು ಇಷ್ಟು. ಒಂದು ರಾತ್ರಿ ವೈಫೈ ಬಿಟ್ಟು ಲ್ಯಾಪ್‌ಟಾಪನ್ನು ಕೇಬಲ್ಲಿನಲ್ಲಿ ರೂಟರಿಗೆ ಸಿಕ್ಕಿಸಿ ನೋಡಿ. ಅಕ್ಕಪಕ್ಕದ ಮನೆಯವರ ವೈಫೈ ಕೂಡ ರಾತ್ರಿಯೇ ಜೋರಾಗಿರುತ್ತದೆ, ಅದರ ಗೊಂದಲ ಮೊದಲು ಕಳೆಯಲಿ. ಆಮೇಲೆ ಕಂಪನಿಯ ಜಾಲದ ಹೊರಗಿರುವ ಸರ್ವರಿಗೆ ವೇಗ ಅಳೆಯಿರಿ. ಎಂ-ಲ್ಯಾಬ್‌ನ ಟೆಸ್ಟ್ ಅದಕ್ಕೇ ಇರುವುದು. ಅಲ್ಲಿ ರಾತ್ರಿ 95ರ ಬದಲು 15 ಬಂದರೆ ಇಕ್ಕಟ್ಟು ಎಂದೇ ಲೆಕ್ಕ. ಅಲ್ಲೂ 95 ಬಂದರೆ ವೀಹೀ ಎಂಬ ಉಚಿತ ಆ್ಯಪ್ ಹಾಕಿಕೊಳ್ಳಿ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಡೇವಿಡ್ ಚಾಫ್ನೆಸ್ ತಂಡ ಮಾಡಿದ್ದು, ಫ್ರಾನ್ಸಿನ ಟೆಲಿಕಾಂ ನಿಯಂತ್ರಣ ಸಂಸ್ಥೆಯೂ ಅದನ್ನು ಬಳಸುತ್ತದೆ. ಅದು ಒಂದು ವಿಡಿಯೊ ಸೇವೆಯ ಟ್ರಾಫಿಕ್ಕನ್ನು ಇದ್ದ ಹಾಗೇ ಒಮ್ಮೆ ಓಡಿಸುತ್ತದೆ, ಗುರುತು ಸಿಗದಂತೆ ಕಲಸಿ ಇನ್ನೊಮ್ಮೆ ಓಡಿಸುತ್ತದೆ. ಎರಡೂ ಹೋಗುವುದು ಒಂದೇ ಸರ್ವರಿಗೆ, ಒಂದೇ ದಾರಿಯಲ್ಲಿ. ಕಲಸಿದ್ದು ವೇಗವಾಗಿ ಹೋಗಿ ಕಲಸದ್ದು ಮಾತ್ರ ಪ್ರತಿ ಸಲ ಒಂದೇ ಅಂಕಿಗೆ ಬಂದು ನಿಂತರೆ, ನಡುವೆ ಯಾರೋ ಹೆಸರು ಓದುತ್ತಿದ್ದಾರೆ. ವಿಪಿಎನ್ ಪರೀಕ್ಷೆಗಿಂತ ಇದು ಮೇಲು. ಒಂದೇ ಸಲ ಮಾಡಿ ಬಿಡಬೇಡಿ. ಬೇರೆ ಬೇರೆ ಹೊತ್ತಿನಲ್ಲಿ ಮಾಡಿ, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ದೂರನ್ನು ಮೊದಲು ಕಂಪನಿಗೇ ಕೊಡಿ, ಬಾಯಲ್ಲಿ ಅಲ್ಲ, ಬರಹದಲ್ಲಿ. ದೂರಿನ ನಂಬರ್ ಇಸಿದುಕೊಳ್ಳಿ. ‘ನೆಟ್ ಸ್ಲೋ’ ಎಂದು ಬರೆದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಅದರ ಬದಲು ಎರಡು ಪ್ರಶ್ನೆ ಕೇಳಿ: ರಾತ್ರಿ ಒಂಬತ್ತಕ್ಕೆ ನಿಮ್ಮ ಹೊರದಾರಿ ಎಷ್ಟು ತುಂಬಿರುತ್ತದೆ? ಈ ಆ್ಯಪ್‌ಗೆ ನೀವು ಯಾವುದಾದರೂ ಮಿತಿ ಹಾಕಿದ್ದೀರಾ, ಇಲ್ಲವಾ? ಉತ್ತರ ಸರಿಬಾರದಿದ್ದರೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಹೋಗಿ. ಟ್ರಾಯ್ ಒಬ್ಬೊಬ್ಬರ ದೂರು ತೆಗೆದುಕೊಳ್ಳುವುದಿಲ್ಲ. ದೂರಸಂಪರ್ಕ ಇಲಾಖೆಗೆ ಕೇಂದ್ರ ಸರ್ಕಾರದ ಸಾರ್ವಜನಿಕ ದೂರು ಪೋರ್ಟಲ್ ಮೂಲಕ ಬರೆಯಬಹುದು. ಟೆಲಿಕಾಂ ದೂರುಗಳನ್ನು ಗ್ರಾಹಕ ಆಯೋಗವೂ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಹಾಗಾಗಿ ಶಿವಮೊಗ್ಗದ ಜಿಲ್ಲಾ ಆಯೋಗದ ದಾರಿಯೂ ನಿಮಗೆ ಇದೆ. ಅಲ್ಲಿ ವಕೀಲರೇ ಬೇಕು ಅಂತೇನಿಲ್ಲ, ನಿಮ್ಮ ಸ್ಕ್ರೀನ್‌ಶಾಟ್‌ಗಳು ಮತ್ತು ದೂರಿನ ನಂಬರ್ ಹಿಡಿದು ನೀವೇ ಹೋಗಬಹುದು.